ಮೊಟ್ಟೆಯ ಮರಿ ಚುನಾವಣೆಗೆ ನಿಂತಾಗ

ಕಳೆದ ಜನವರಿಯಲ್ಲಿ ನಾನೊಂದು ಚುನಾವಣೆಗೆ ನಿಂತು ಸೋತೆ. ಠೇವಣಿ ಹೋಯಿತು ಎನ್ನುವಂತಿಲ್ಲ, ಏಕೆಂದರೆ ಠೇವಣಿ ಇಡುವ ಪದ್ಧತಿಯೇ ಅಲ್ಲಿರಲಿಲ್ಲ. ಕ್ಷೇತ್ರ ಯಾವುದೆಂದರೆ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಮಗಳ ಮನೆಯ ಹಾಲು. ಎದುರಾಳಿಗಳು ಮೂವರು: 12 ವರ್ಷದ ಮೊಮ್ಮಗ, 9 ವರ್ಷದ ಮೊಮ್ಮಗಳು, ಅಂದು ಊಟಕ್ಕೆ ಬಂದಿದ್ದ ಕನ್ನಡದವರ ಮನೆಯ ಹುಡುಗನೊಬ್ಬ. ಹುದ್ದೆ ಸಣ್ಣದೇನಲ್ಲ. ಇಲ್ಲದ ಒಂದು ಲೋಕದ, ಇಲ್ಲದ ಪ್ರಾಣಿಗಳ ಅಧ್ಯಕ್ಷಗಿರಿ.

ಆದದ್ದು ಹೀಗೆ. ಶನಿವಾರ. ಹೊರಗೆ ಮೊಣಕಾಲುದ್ದ ಹಿಮ. ಬಿಸಿಬೇಳೆಬಾತು ಮುಗಿದು ದೊಡ್ಡವರು ಮಾತಿಗೆ ಕೂತಿದ್ದರು. ಮಕ್ಕಳು ಸೋಫಾದ ಮೂರು ಮೂಲೆ ಹಿಡಿದು ಮೂರು ಫೋನುಗಳೊಳಗೆ ಇಳಿದುಹೋಗಿದ್ದರು. ಒಂದೇ ಸೋಫಾ, ಒಂದೇ ಕಂಬಳಿ, ಆದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲ. ಮಗಳು ಎರಡು ಸಲ ಗದರಿದಳು. ಮೂರನೆಯ ಸಲ ಗದರಲಿಲ್ಲ. ನೆಲಮಾಳಿಗೆಗೆ ಹೋಗಿ ಧೂಳು ಹಿಡಿದ ಒಂದು ರಟ್ಟಿನ ಡಬ್ಬ ತಂದಳು.

ಡಬ್ಬದಲ್ಲಿದ್ದದ್ದು ನಿಂಟೆಂಡೊ ಕಂಪನಿಯ ‘ವೀ’ ಎಂಬ ಆಟದ ಯಂತ್ರ. ಅವಳು 2008ರಲ್ಲಿ ಎಂ.ಎಸ್. ಓದಲು ಹೋದಾಗ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದ ನಾಲ್ವರು ಹುಡುಗಿಯರು ದುಡ್ಡು ಒಟ್ಟು ಹಾಕಿ ಕೊಂಡದ್ದಂತೆ. ಓದು ಮುಗಿದು ಒಬ್ಬೊಬ್ಬರು ಒಂದೊಂದು ಊರಿಗೆ ಹೋದಾಗ ಯಂತ್ರ ಇವಳ ಪಾಲಿಗೆ ಬಂತು. ಈಗಿನ ಟೀವಿಗೆ ಅದರ ಕೆಂಪು, ಬಿಳಿ, ಹಳದಿ ವೈರುಗಳನ್ನು ಸಿಕ್ಕಿಸಲು ಜಾಗವೇ ಇಲ್ಲ. ಅಳಿಯ ಎಲ್ಲಿಂದಲೋ ಒಂದು ಅಡಾಪ್ಟರ್ ಹುಡುಕಿ ತಂದ. ಅರ್ಧ ಗಂಟೆಯ ಗುದ್ದಾಟದ ನಂತರ ಪರದೆ ಬೆಳಗಿತು. ಅಷ್ಟು ಹೊತ್ತಿಗೆ ಮೂರು ಫೋನುಗಳೂ ಟೀಪಾಯಿಯ ಮೇಲೆ ಬೋರಲಾಗಿ ಮಲಗಿದ್ದವು. ಯಾರೂ ಇಡಿ ಎಂದಿರಲಿಲ್ಲ.

ಆಟದ ಹೆಸರು ‘ತಮಗೋಚಿ: ಪಾರ್ಟಿ ಆನ್!’. ಜಪಾನಿನಲ್ಲಿ 2006ರ ಡಿಸೆಂಬರ್ 2ರಂದು ವೀ ಯಂತ್ರ ಅಂಗಡಿಗೆ ಬಂದ ದಿನವೇ ಇದೂ ಬಂತು. ಅಲ್ಲಿನ ಹೆಸರನ್ನು ಕನ್ನಡಕ್ಕೆ ತಂದರೆ ‘ತಮಗೋಚಿಯ ಥಳಥಳ ಅಧ್ಯಕ್ಷ’ ಎಂದಾದೀತು. ಮರುವರ್ಷ ಅಮೆರಿಕಕ್ಕೆ ಬರುವಾಗ ಅಧ್ಯಕ್ಷ ಹೋಗಿ ಪಾರ್ಟಿ ಉಳಿಯಿತು. ಪಾರ್ಟಿ ಎಂದರೆ ನಮ್ಮಲ್ಲಿ ಹಿರಿಯರಿಗೆ ರಾಜಕೀಯ ಪಕ್ಷ, ಹುಡುಗರಿಗೆ ಕೇಕು. ಈ ಆಟದಲ್ಲಿ ಎರಡೂ ಇವೆ. ಆಟದ ಜಾತಿಯ ಹೆಸರೂ ‘ಪಾರ್ಟಿ ಗೇಮ್’ ಎಂದೇ. ಅಂದರೆ ಒಂದು ಟೀವಿಯ ಮುಂದೆ ನಾಲ್ಕು ಜನ ಒಟ್ಟಿಗೆ ಕೂತು ಆಡುವಂಥದ್ದು.

ಆಡುವ ಕ್ರಮ ಕೇಳಿದರೆ ನಿಮಗೆ ಹೊಸತೇನೂ ಅನ್ನಿಸದು. ಹಾವು ಏಣಿಯ ಪಟದಂತೆ ಒಂದು ಪಟ. ನಾಲ್ವರಿಗೂ ಒಂದೊಂದು ಮರಿ. ಸರದಿ ಬಂದಾಗ ಮರಿ ಮನೆಯಿಂದ ಮನೆಗೆ ನಡೆಯುತ್ತದೆ. ನಡುನಡುವೆ ಸಣ್ಣ ಸಣ್ಣ ಸ್ಪರ್ಧೆಗಳು ಬರುತ್ತವೆ. ಅವುಗಳಲ್ಲಿ ಗೆದ್ದವನಿಗೆ ಊರಿನಲ್ಲಿ ಬೆಂಬಲಿಗರು ಹೆಚ್ಚುತ್ತಾರೆ, ಕೊನೆಗೆ ಹೆಚ್ಚು ಜನರನ್ನು ಒಲಿಸಿಕೊಂಡ ಮರಿ ಅಧ್ಯಕ್ಷ. ಭಾಷಣವಿಲ್ಲ, ಪ್ರಣಾಳಿಕೆಯಿಲ್ಲ. ರಿಮೋಟನ್ನು ಸರಿಯಾದ ಹೊತ್ತಿಗೆ ಸರಿಯಾಗಿ ಅಲ್ಲಾಡಿಸಲು ಬಂದವನಿಗೆ ಜನ ಮತ ಹಾಕುತ್ತಾರೆ. ಇದರಲ್ಲಿ ವ್ಯಂಗ್ಯ ಹುಡುಕುವುದು ಬೇಡ. ನನಗೆ ಅಲ್ಲಾಡಿಸಲು ಬರಲಿಲ್ಲ ಎನ್ನುವುದಷ್ಟೇ ಇಲ್ಲಿ ಪ್ರಸ್ತುತ.

ರಿಮೋಟ್ ಅಂದೆನಲ್ಲ, ಆ ಯಂತ್ರದ ಹೆಚ್ಚುಗಾರಿಕೆಯೇ ಅದು. ಗುಂಡಿ ಒತ್ತುವುದಷ್ಟೇ ಅಲ್ಲ, ಕೈ ಬೀಸಿದರೆ ಆ ಬೀಸು ಪರದೆಯಲ್ಲಿ ಕಾಣುತ್ತದೆ. ರಿಮೋಟಿನ ಹಿಂದೆ ಒಂದು ದಾರ ಇದೆ, ಮಣಿಕಟ್ಟಿಗೆ ಹಾಕಿಕೊಳ್ಳಲೇಬೇಕು. ಯಂತ್ರ ಬಂದ ಹೊಸತರಲ್ಲಿ ಆಡುವವರು ಆವೇಶದಲ್ಲಿ ಬೀಸಿ, ದಾರ ಕಿತ್ತು, ರಿಮೋಟು ಹಾರಿಹೋಗಿ ಟೀವಿ ಒಡೆದ ಪ್ರಸಂಗಗಳಾದವು. 2006ರ ಡಿಸೆಂಬರಿನಲ್ಲೇ ಕಂಪನಿ ಸುಮಾರು 32 ಲಕ್ಷ ದಾರಗಳನ್ನು ದಪ್ಪನೆಯ ದಾರಕ್ಕೆ ಬದಲಾಯಿಸಿಕೊಡಬೇಕಾಯಿತು. ಇದೇ ಕಂಪನಿಯ ‘ಮಾರಿಯೋ ಪಾರ್ಟಿ’ ಎಂಬ ಆಟ 1998ರಲ್ಲಿ ಬಂದಾಗ ಇನ್ನೊಂದು ತಮಾಷೆ. ಅದರಲ್ಲಿ ಒಂದು ಸಣ್ಣ ಹಿಡಿಯನ್ನು ಬಿರುಸಾಗಿ ಗರಗರ ತಿರುಗಿಸಬೇಕು. ಮಕ್ಕಳು ಬೆರಳಿನಿಂದಲ್ಲ, ಅಂಗೈಯಿಂದಲೇ ತಿರುಗಿಸಿ ಚರ್ಮ ಸುಲಿದುಕೊಂಡರು. ಕೊನೆಗೆ 2000ದಲ್ಲಿ ಅಮೆರಿಕದಲ್ಲಿ ಕೇಳಿದವರಿಗೆಲ್ಲ ಕೈಗವಸು ಕೊಡಲು ಕಂಪನಿ ಒಪ್ಪಿತು. ವಿಡಿಯೋ ಆಟವೆಂದರೆ ಮೈ ನೋಯದ ಸೋಮಾರಿ ಆಟ ಎನ್ನುವ ತಂದೆ ತಾಯಿಗಳಿಗೆ ಈ ಎರಡು ಸಂಗತಿ ತಿಳಿದಿರಲಿ.

ಇನ್ನು ಆಟ ಚೆನ್ನಾಗಿದೆಯೇ ಎಂದರೆ, ಇಲ್ಲ. ನಿಜ ಹೇಳಬೇಕಲ್ಲ! ಬಂದ ಕಾಲದಲ್ಲೇ ವಿಮರ್ಶಕರು ಅದನ್ನು ಮೆಚ್ಚಲಿಲ್ಲ. ನಿಧಾನ. ಒಬ್ಬನ ಸರದಿ ಮುಗಿದು ಇನ್ನೊಬ್ಬನದು ಬರುವಷ್ಟರಲ್ಲಿ ಒಂದು ಕಾಫಿ ಕುಡಿಯಬಹುದು. ಆದರೆ ಅಂದು ನನಗೊಂದು ವಿಷಯ ಹೊಳೆಯಿತು. ಚೌಕಾಬಾರದಲ್ಲೂ ನಮಗೆ ಖುಷಿಯಾಗುತ್ತಿದ್ದದ್ದು ಕವಡೆ ಹಾಕುವಾಗ ಅಲ್ಲ, ಬೇರೆಯವರು ಹಾಕುವುದನ್ನು ಕಾಯುವಾಗ. ಆಗಲೇ ರೇಗಿಸುವುದು, ಕಳ್ಳಾಟ ಹಿಡಿಯುವುದು, ಚಿಕ್ಕಮ್ಮನ ತಟ್ಟೆಯಿಂದ ಕೋಡುಬಳೆ ಎತ್ತುವುದು. ಈ ಆಟದ ನಿಧಾನವೂ ಮಕ್ಕಳ ಬಾಯಿ ಬಿಡಿಸಿತು. ಬಂದಿದ್ದ ಹುಡುಗ ತಿಂಗಳ ಹಿಂದೆ ಶಾಲೆ ಬದಲಾಯಿಸಿದವನು, ಊಟದಲ್ಲಿ ‘ಸಾಕು’ ಎಂಬ ಒಂದೇ ಪದ ಆಡಿದ್ದವನು. ಮೂರನೆಯ ಸುತ್ತಿನ ಹೊತ್ತಿಗೆ ಅವನು ನನ್ನ ಮೊಮ್ಮಗನಿಗೆ ಹೊಸ ಶಾಲೆಯಲ್ಲಿ ಊಟದ ಹೊತ್ತಿಗೆ ಎಲ್ಲಿ ಕೂರಬೇಕೆಂದು ತಿಳಿಯದೆ ಲೈಬ್ರರಿಗೆ ಹೋಗುತ್ತೇನೆ ಎಂದು ಹೇಳುತ್ತಿದ್ದ. ಕಣ್ಣು ಪರದೆಯ ಮೇಲೆ, ಮಾತು ಪಕ್ಕದವನ ಕಡೆಗೆ. ಅವನ ತಾಯಿ ಅಡಿಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. ಅವರು ಒಳಗೆ ಬರಲಿಲ್ಲ. ಬಂದಿದ್ದರೆ ಮಾತು ನಿಲ್ಲುತ್ತಿತ್ತು ಎಂದು ಅವರಿಗೆ ಗೊತ್ತಿತ್ತು.

ನಾಲ್ಕನೆಯ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದಿದ್ದ ಮೊಮ್ಮಗಳು ಇದ್ದಕ್ಕಿದ್ದಂತೆ ಕೇಳಿದಳು, “ಅಮ್ಮಾ, ಇದಕ್ಕೆ ಊಟ ಹಾಕೋದು ಯಾವಾಗ?”

“ಈ ಆಟದಲ್ಲಿ ಊಟ ಇಲ್ಲ ಪುಟ್ಟಿ.”

“ಹಾಗಾದ್ರೆ ಸತ್ತುಹೋಗಲ್ವಾ?”

ಅವಳ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಹೋದ ಹುಟ್ಟುಹಬ್ಬಕ್ಕೆ ಅವಳಿಗೊಂದು ತಮಗೋಚಿ ಬಂದಿತ್ತು. ಟೀವಿಯ ಆಟವಲ್ಲ, ಮೂಲದ್ದು, ಅಂಗೈಯಲ್ಲಿ ಹಿಡಿಯುವ ಮೊಟ್ಟೆ. ಅದಕ್ಕೆ ಊಟ ಹಾಕದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಮಗಳು ನನ್ನ ಕಡೆ ನೋಡಿ, “ಅದನ್ನ ತಾತನ್ನ ಕೇಳು” ಎಂದಳು. ನಗುತ್ತಲೇ ಹೇಳಿದಳು. ನನಗೆ ಮಾತ್ರ ರಿಮೋಟು ಕೈಯಲ್ಲಿ ಭಾರವಾಯಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ತಮಗೋಚಿ ಏನೆಂದು ಈಗಿನ ವಿದ್ಯಾರ್ಥಿಗಳಲ್ಲಿ ಹಲವರಿಗೆ ಗೊತ್ತಿರಲಾರದು. ಜಪಾನಿನ ಬಂದಾಯ್ ಎಂಬ ಆಟಿಕೆ ಕಂಪನಿ 1996ರ ನವೆಂಬರ್ 23ರಂದು ಅದನ್ನು ಮಾರಾಟಕ್ಕೆ ಬಿಟ್ಟಿತು. ಬೆಲೆ 1,980 ಯೆನ್. ವಿಜ್ ಎಂಬ ಸಂಸ್ಥೆಯ ಅಕಿಹಿರೊ ಯೊಕೊಯಿ ಮತ್ತು ಬಂದಾಯ್‌ನ ಅಕಿ ಮೈತ ಅದರ ಹಿಂದಿದ್ದವರು. ಮಗುವೊಂದು ಊರಿಗೆ ಹೊರಟಾಗ ತನ್ನ ಆಮೆಯನ್ನೂ ಒಯ್ಯಲು ಹಟ ಮಾಡುವ ಜಾಹೀರಾತೊಂದನ್ನು ನೋಡಿ ಯೊಕೊಯಿಗೆ ಈ ಯೋಚನೆ ಬಂತು ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ ತಮಾಗೊ ಎಂದರೆ ಮೊಟ್ಟೆ. ಅದಕ್ಕೆ ಇಂಗ್ಲಿಷಿನ ವಾಚ್ ಸೇರಿಸಿ, ಜಪಾನಿ ಬಾಯಲ್ಲಿ ತಿರುಗಿಸಿ ತಮಗೋಚಿ ಮಾಡಿದರು.

ಕೀಚೈನಿಗೆ ತಗುಲಿಸುವಷ್ಟು ಸಣ್ಣ ಪ್ಲಾಸ್ಟಿಕ್ ಮೊಟ್ಟೆ, ಅಂಚೆಚೀಟಿಯಷ್ಟು ಕಪ್ಪು ಬಿಳುಪು ಪರದೆ, ಕೆಳಗೆ ಮೂರು ಗುಂಡಿ. ಗಡಿಯಾರ ಹೊಂದಿಸಿದ ಸ್ವಲ್ಪ ಹೊತ್ತಿಗೆ ಪರದೆಯೊಳಗಿನ ಮೊಟ್ಟೆ ಒಡೆದು ಮರಿ ಹೊರಗೆ ಬರುತ್ತದೆ. ಅದಕ್ಕೆ ಹಸಿವಿಗೆ ನಾಲ್ಕು ಹೃದಯ, ಸಂತೋಷಕ್ಕೆ ನಾಲ್ಕು ಹೃದಯ. ಹೊತ್ತು ಹೋದಂತೆ ಒಂದೊಂದೇ ಬರಿದಾಗುತ್ತವೆ. ಊಟ ಕೊಟ್ಟರೆ ಹಸಿವಿನದು ತುಂಬುತ್ತದೆ. ತಿಂಡಿ ಕೊಟ್ಟರೆ ಸಂತೋಷದ್ದು ತುಂಬುತ್ತದೆ, ಜತೆಗೆ ತೂಕವೂ ಏರುತ್ತದೆ. ಎಡಕ್ಕೆ ನೋಡುತ್ತದೋ ಬಲಕ್ಕೋ ಎಂದು ಊಹಿಸುವ ಆಟ ಆಡಿಸಿ ಐದರಲ್ಲಿ ಮೂರು ಸಲ ಗೆದ್ದರೂ ಅದಕ್ಕೆ ಖುಷಿ. ಹೊಲಸು ಮಾಡಿದರೆ ತೊಳೆಯಬೇಕು, ಕಾಯಿಲೆ ಬಿದ್ದರೆ ಔಷಧಿ ಕೊಡಬೇಕು, ಮಲಗಿದಾಗ ದೀಪ ಆರಿಸಬೇಕು. ಕಾರಣವಿಲ್ಲದೆ ಕೂಗಿ ಕರೆದರೆ ಗದರಿಸಬೇಕು. ಗದರಿಸದಿದ್ದರೆ ಕೆಟ್ಟುಹೋಗುತ್ತದೆ. ನಮ್ಮ ಒಂದು ದಿನ ಅದಕ್ಕೆ ಒಂದು ವರ್ಷ. ಹೇಗೆ ಸಾಕಿದಿರೋ ಹಾಗೆ ಬೆಳೆಯುತ್ತದೆ. ಕಾಳಜಿಯಿಂದ ಸಾಕಿದರೆ ಕಿವಿ ನಿಮಿರಿದ ಜಾಣ ಮಾಮೆಚಿ, ಅಸಡ್ಡೆ ಮಾಡಿದರೆ ಇನ್ಯಾವುದೋ ಸೊಟ್ಟ ಮೋರೆಯದು.

ಮತ್ತು ಅದು ಸಾಯುತ್ತದೆ. ಅದುವರೆಗಿನ ಆಟಗಳಲ್ಲಿ ಆಡುವವನು ಸಾಯುತ್ತಿದ್ದ, ಮತ್ತೆ ಹುಟ್ಟುತ್ತಿದ್ದ. ಇಲ್ಲಿ ಸಾಯುವುದು ನಿಮ್ಮನ್ನು ನಂಬಿದ್ದು. ಜಪಾನಿನ ತಮಗೋಚಿ ಸತ್ತರೆ ಗೋರಿ, ಪಕ್ಕದಲ್ಲಿ ದೆವ್ವ ಕಾಣುತ್ತಿದ್ದವು. 1997ರ ಮೇನಲ್ಲಿ ಅಮೆರಿಕಕ್ಕೆ ಬರುವಾಗ ಅದನ್ನು ಬದಲಿಸಿ ರೆಕ್ಕೆಯ ದೇವತೆ ಮಾಡಿದರು, ಮಕ್ಕಳಿಗೆ ಕಷ್ಟವಾಗದಿರಲಿ ಎಂದು. ಈ ಸಣ್ಣ ಬದಲಾವಣೆ ನನ್ನ ಮಾನ ಕಳೆಯಿತು.

1998ರಲ್ಲಿ ನನ್ನ ಮಗಳು ಏಳನೆಯ ತರಗತಿ. ಅಮೆರಿಕದಿಂದ ಬಂದ ಅವಳ ಸೋದರಮಾವ ನೀಲಿ ಬಣ್ಣದ ಒಂದು ತಮಗೋಚಿ ತಂದುಕೊಟ್ಟ. ಬೀದಿಯ ಮಕ್ಕಳೆಲ್ಲ ನಮ್ಮ ಮನೆಯ ಜಗಲಿಯಲ್ಲಿ ನೆರೆದರು. ಅದನ್ನು ಅವಳು ಶಾಲೆಗೆ ಒಯ್ದಳು, ಗಣಿತದ ಪಿರಿಯಡ್ಡಿನಲ್ಲಿ ಅದು ಪೀಂ ಎಂದಿತು. ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿದರು. ಜಪಾನ್, ಅಮೆರಿಕಗಳಲ್ಲೂ ಆಗ ಎಷ್ಟೋ ಶಾಲೆಗಳು ಅದನ್ನು ನಿಷೇಧಿಸಿದ್ದವು ಎಂದು ಆಮೇಲೆ ತಿಳಿಯಿತು. ಅಲ್ಲಿನ ತಾಯಂದಿರು ಮಕ್ಕಳು ಶಾಲೆಯಿಂದ ಬರುವವರೆಗೆ ಅದನ್ನು ತಾವೇ ನೋಡಿಕೊಳ್ಳುತ್ತಿದ್ದರಂತೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಅವಳು ನನ್ನ ಷರ್ಟಿನ ಜೇಬಿಗೆ ಅದನ್ನು ಹಾಕಿ, ಯಾವ ಚಿತ್ರ ಬಂದರೆ ಯಾವ ಗುಂಡಿ ಎಂದು ಬರೆದ ಚೀಟಿ ಕೊಡುತ್ತಿದ್ದಳು. “ಮರೀಬೇಡಿ ಅಪ್ಪ” ಎನ್ನುತ್ತಿದ್ದಳು. ನಾನು ಮರೆಯುತ್ತಿರಲಿಲ್ಲ. ಆಫೀಸಿನಲ್ಲಿ ಸಹೋದ್ಯೋಗಿಗಳು ನಕ್ಕರೂ ಲೆಡ್ಜರಿನ ಮರೆಯಲ್ಲಿ ಅದಕ್ಕೆ ಊಟ ಹಾಕಿದ್ದೇನೆ.

ಹದಿನೇಳನೆಯ ದಿನ ಆಡಿಟ್ ಇತ್ತು. ಸದ್ದು ಬಂದರೆ ಮರ್ಯಾದೆ ಹೋದೀತೆಂದು ಅದನ್ನು ಕರವಸ್ತ್ರದಲ್ಲಿ ಸುತ್ತಿ ಡ್ರಾಯರಿನ ಒಳಗೆ ತಳ್ಳಿದೆ. ಅಂದು ಸಂಜೆ ನೆನಪಾಗಲಿಲ್ಲ. ಮಗಳು ಅಜ್ಜಿಯ ಮನೆಗೆ ಹೋಗಿದ್ದರಿಂದ ರಾತ್ರಿ ಕೇಳುವವರೂ ಇರಲಿಲ್ಲ. ಮರುದಿನ ಮಧ್ಯಾಹ್ನ ಡ್ರಾಯರು ಎಳೆದು ನೋಡಿದರೆ ಪರದೆಯಲ್ಲಿ ರೆಕ್ಕೆಗಳುಳ್ಳ ಒಂದು ಪುಟ್ಟ ಆಕೃತಿ ಹಾರುತ್ತಿದೆ! ನಾನು ಮರಿಗೆ ಬಡ್ತಿ ಸಿಕ್ಕಿತು ಎಂದುಕೊಂಡೆ. ಪಕ್ಕದ ಮೇಜಿನವರಿಗೂ ತೋರಿಸಿದೆ. ಅವರ ಮಗನೂ ಇಂಥದ್ದೇ ಒಂದು ನಕಲಿ ಮಾಲು ಆಡುತ್ತಿದ್ದುದರಿಂದ ಅವರಿಗೆ ಗೊತ್ತಾಯಿತು. “ಸಾರ್, ಇದು ಹೋಗಿಬಿಟ್ಟಿದೆ” ಎಂದರು.

ಹೋದದ್ದಕ್ಕಿಂತ ಆಮೇಲೆ ನಾನು ಮಾಡಿದ್ದು ಕೆಟ್ಟದ್ದು. ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಹೊಸ ಮೊಟ್ಟೆ ಬರುತ್ತದೆ ಎಂದು ಅವರೇ ಹೇಳಿಕೊಟ್ಟರು. ಒತ್ತಿದೆ. ಮೊಟ್ಟೆ ಬಂತು, ಒಡೆಯಿತು. ಸಂಜೆಯ ಹೊತ್ತಿಗೆ ದುಂಡು ಮೋರೆಯ ಎಳೆಯ ಮರಿಯೊಂದು ಕುಪ್ಪಳಿಸುತ್ತಿತ್ತು. ಮನೆಗೆ ಬಂದ ಮಗಳಿಗೆ, “ಬ್ಯಾಟರಿ ಕಮ್ಮಿಯಾಗಿತ್ತು ಪುಟ್ಟಿ, ವಾಚ್ ರಿಪೇರಿಯವನ ಹತ್ತಿರ ಹೊಸದು ಹಾಕಿಸಿದೆ. ಅದಕ್ಕೇ ಮತ್ತೆ ಮೊದಲಿಂದ ಶುರುವಾಯಿತು” ಎಂದೆ. ಅವಳು ಮೊಟ್ಟೆಯನ್ನು ತಿರುಗಿಸಿ ನೋಡಿದಳು. “ಹೂಂ” ಎಂದಳು. ಅಷ್ಟೆ. ಅತ್ತಿದ್ದರೆ ನಾನು ನಿಜ ಹೇಳುತ್ತಿದ್ದೆನೇನೋ. ಅವಳು ಅಳಲಿಲ್ಲ. ವಾರದೊಳಗೆ ಮೊಟ್ಟೆ ಕಪಾಟು ಸೇರಿತು. ಮಕ್ಕಳ ಮೋಹ ಎಷ್ಟು ದಿನ ಎಂದುಕೊಂಡು ನಾನು ನಿಶ್ಚಿಂತನಾದೆ.

ಮೋಹ ಇಳಿದದ್ದು ನಮ್ಮ ಮನೆಯಲ್ಲಿ ಮಾತ್ರವಲ್ಲ. ಎರಡು ಮೂರು ವರ್ಷದಲ್ಲಿ ಸುಮಾರು 4 ಕೋಟಿ ಮೊಟ್ಟೆ ಮಾರಿದ್ದ ಕಂಪನಿ 1999ರ ಹೊತ್ತಿಗೆ ಮಾರಾಟವಾಗದೆ ಉಳಿದ ರಾಶಿಯ ಮುಂದೆ ಭಾರಿ ನಷ್ಟದಲ್ಲಿತ್ತು. 2004ರಲ್ಲಿ ಒಂದು ಮೊಟ್ಟೆ ಇನ್ನೊಂದರೊಡನೆ ಅವಗೆಂಪು ಕಿರಣದ ಮೂಲಕ ಮಾತಾಡುವ ಹೊಸ ಮಾದರಿ ಬಂದ ಮೇಲೆ ಮತ್ತೆ ಚೇತರಿಕೆ. ಟೀವಿಯ ಚುನಾವಣೆ ಆಟ ಆ ಎರಡನೆಯ ಅಲೆಯ ಕೂಸು. 2025ರಲ್ಲಿ ಅಮೆರಿಕದ ರಾಚೆಸ್ಟರಿನ ಸ್ಟ್ರಾಂಗ್ ಮ್ಯೂಸಿಯಂ ತನ್ನ ವಿಡಿಯೋ ಆಟಗಳ ಗೌರವಪಟ್ಟಿಗೆ ತಮಗೋಚಿಯನ್ನು ಸೇರಿಸಿತು.

ದೊಡ್ಡವರು ಈ ಮೊಟ್ಟೆಯನ್ನು ನೋಡಿ ನಕ್ಕದ್ದೇ ಹೆಚ್ಚು. ನಗಿಸುವ ಸಂಶೋಧನೆಗಳಿಗೆಂದೇ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಎಂಬುದೊಂದಿದೆ. 1997ರಲ್ಲಿ ಅದರ ಅರ್ಥಶಾಸ್ತ್ರದ ಬಹುಮಾನ ಯೊಕೊಯಿ ಮತ್ತು ಮೈತ ಅವರಿಗೆ ಸಿಕ್ಕಿತು. ಲಕ್ಷಗಟ್ಟಲೆ ಗಂಟೆಗಳ ಮನುಷ್ಯಶ್ರಮವನ್ನು ಇಲ್ಲದ ಪ್ರಾಣಿಗಳ ಸಾಕಣೆಗೆ ತಿರುಗಿಸಿದ್ದೇ ಅವರ ಸಾಧನೆಯಂತೆ! ಆದರೆ ನಗದೆ ನೋಡಿದವರೂ ಇದ್ದರು. ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕಿಯಾದ ಷೆರ್ರಿ ಟರ್ಕಲ್ ಇಂಥ ಆಟಿಕೆಗಳೊಡನೆ ಮಕ್ಕಳು ಹೇಗಿರುತ್ತಾರೆಂದು ವರ್ಷಗಟ್ಟಲೆ ಗಮನಿಸಿ ಬರೆದರು. ಅವರು ಕಂಡದ್ದು ಇದು: ಯಂತ್ರ ನಮಗೇನಾದರೂ ಕೊಟ್ಟರೆ ನಾವು ಅದಕ್ಕೆ ಅಂಟಿಕೊಳ್ಳುವುದು ಸ್ವಲ್ಪ, ನಮ್ಮಿಂದ ಏನಾದರೂ ಬೇಡಿದರೆ ಅಂಟಿಕೊಳ್ಳುವುದು ಬಹಳ. ಊಟ ಹಾಕಿದ್ದರ ಮೇಲೆ ಮಮತೆ ಹುಟ್ಟುತ್ತದೆ. ಅದಕ್ಕೆ ಜೀವ ಇದೆಯೋ ಇಲ್ಲವೋ ಎನ್ನುವ ಪ್ರಶ್ನೆಗೆ ಮಕ್ಕಳು ನಮ್ಮಂತೆ ಹೌದು, ಇಲ್ಲ ಎನ್ನುವುದಿಲ್ಲ. ಸಾಕುವ ಮಟ್ಟಿಗೆ ಅದಕ್ಕೆ ಬೇಕಾದಷ್ಟು ಜೀವ ಇದೆ ಎನ್ನುತ್ತಾರೆ.

ಮಕ್ಕಳಷ್ಟೇ ಏಕೆ? ಸೋನಿ ಕಂಪನಿ 1999ರಲ್ಲಿ ಐಬೊ ಎಂಬ ಯಂತ್ರದ ನಾಯಿಯನ್ನು ತಂದಿತ್ತು. ಆ ಹಳೆಯ ನಾಯಿಗಳ ರಿಪೇರಿಯನ್ನು 2014ರಲ್ಲಿ ನಿಲ್ಲಿಸಿತು. ಮರುವರ್ಷದಿಂದ ಜಪಾನಿನ ಚಿಬಾ ಪ್ರಾಂತದ ಇಸುಮಿ ಊರಿನ ಕೊಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ ಕೆಟ್ಟುಹೋದ ಐಬೊಗಳಿಗೆ ಉತ್ತರಕ್ರಿಯೆ ನಡೆಯತೊಡಗಿತು. ಸಾಲಾಗಿ ಜೋಡಿಸಿಟ್ಟ ಯಂತ್ರಗಳ ಕೊರಳಿಗೆ ಒಡೆಯರ ಹೆಸರಿನ ಚೀಟಿ, ಎದುರಿಗೆ ಮಂತ್ರ ಹೇಳುವ ಪುರೋಹಿತರು. ಮೊದಲ ಸಲ ಆ ಫೋಟೋ ನೋಡಿದಾಗ ನನಗೆ ನಗು ಬಂದಿತ್ತು. ಆಯುಧಪೂಜೆಯ ದಿನ ಸ್ಕೂಟರಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡುವವನು ಹಾಗೆಲ್ಲ ನಗಬಾರದು.

ನನ್ನ ಮಟ್ಟಿಗೆ ಹೇಳುವುದಾದರೆ, ಇಂಥ ಆಟಿಕೆಯನ್ನು ಮಗುವಿಗೆ ಕೊಡಿಸಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಕೊಡಿಸದೆಯೂ ಮಕ್ಕಳು ಬೆಳೆಯುತ್ತಾರೆ. ಕೊಡಿಸಿದ ಮೇಲೆ ಮಗು ಅದರ ಬಗ್ಗೆ ಆಡುವ ಮಾತನ್ನು ತಮಾಷೆ ಎಂದು ತಿಳಿಯುವುದು ಮಾತ್ರ ತಪ್ಪು. ಪರದೆಯೊಳಗಿನ ಮರಿ ಸುಳ್ಳಿರಬಹುದು, “ಮರೀಬೇಡಿ ಅಪ್ಪ” ಎಂದದ್ದು ಸುಳ್ಳಲ್ಲವಷ್ಟೆ.

ಆ ಶನಿವಾರಕ್ಕೆ ಬರುತ್ತೇನೆ. “ತಾತನ್ನ ಕೇಳು” ಎಂದಾಗ ಮೂರು ಮಕ್ಕಳೂ ಆಟ ಬಿಟ್ಟು ನನ್ನತ್ತ ತಿರುಗಿದರು. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಡ್ರಾಯರು, ಕರವಸ್ತ್ರ, ರೆಕ್ಕೆ, ಬಡ್ತಿ, ಎಲ್ಲವನ್ನೂ ಹೇಳಿದೆ. ಬಡ್ತಿಗೆ ಮೊಮ್ಮಗ ಬಿದ್ದು ಬಿದ್ದು ನಕ್ಕ. ಬ್ಯಾಟರಿಯ ಸುಳ್ಳಿಗೆ ಬಂದಾಗ ನಾನು ಮಗಳ ಮುಖ ನೋಡಲಿಲ್ಲ, ಮೊಮ್ಮಗಳ ಕಡೆ ನೋಡಿಕೊಂಡೇ ಹೇಳಿದೆ.

“ನನಗೆ ಅವತ್ತೇ ಗೊತ್ತಿತ್ತು ಅಪ್ಪ” ಎಂದಳು ಮಗಳು.

“ಹೇಗೆ?”

“ಹಿಂದುಗಡೆ ಸ್ಕ್ರೂ ಮೇಲೆ ನನ್ನ ಹೆಸರು, ಕ್ಲಾಸು ಬರೆದ ಲೇಬಲ್ ಅಂಟಿಸಿದ್ದೆ. ಬ್ಯಾಟರಿ ಹಾಕಬೇಕಾದ್ರೆ ಅದನ್ನ ಕೀಳಲೇಬೇಕು. ಕಿತ್ತಿರಲಿಲ್ಲ.”

ಅಂದು ಅವಳು ಮೊಟ್ಟೆಯನ್ನು ತಿರುಗಿಸಿ ನೋಡಿದ್ದು ನನ್ನ ಕಣ್ಣಿಗೆ ಕಟ್ಟಿತು. ಇಪ್ಪತ್ತೇಳು ವರ್ಷ ನಾನು ಅದನ್ನು ಹೊಸ ಮರಿಯನ್ನು ನೋಡುವ ಕುತೂಹಲ ಎಂದೇ ತಿಳಿದಿದ್ದೆ.

“ಮತ್ತೆ ಯಾಕೆ ಕೇಳಲಿಲ್ಲ?”

“ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ಒಂದು ವಾರ ಕಾದೆ. ಆಮೇಲೆ ಅದನ್ನ ಆಡೋಕೆ ಮನಸ್ಸಾಗಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಅದು ಸತ್ತದ್ದಕ್ಕೆ ಬೇಜಾರಾಗಿರಲಿಲ್ಲ ಅಪ್ಪ. ಹದಿನೇಳು ವರ್ಷ ಬದುಕಿತ್ತು, ಕ್ಲಾಸಲ್ಲೆಲ್ಲಾ ಯಾರದೂ ಅಷ್ಟು ಬದುಕಿರಲಿಲ್ಲ” ಎಂದಳು.

ಅಪಾರ್ಟ್‌ಮೆಂಟಿನ ಗೆಳತಿಯರೊಂದಿಗೆ ಈ ಚುನಾವಣೆ ಆಟ ಕೊಂಡದ್ದೂ ಅದಕ್ಕೇ ಅಂತೆ. ಅಂಗಡಿಯಲ್ಲಿ ಡಬ್ಬದ ಮೇಲೆ ಆ ಮರಿಗಳ ಚಿತ್ರ ನೋಡಿ, ಇದರಲ್ಲಿ ಯಾರೂ ಸಾಯುವುದಿಲ್ಲ ತಾನೆ ಎಂದು ವಿಚಾರಿಸಿಯೇ ತಂದಳಂತೆ. ಪರೀಕ್ಷೆ ಮುಗಿದ ರಾತ್ರಿಗಳಲ್ಲಿ ನಾಲ್ವರೂ ಆಡುತ್ತಿದ್ದರು. ಸೋತವಳು ಪಾತ್ರೆ ತೊಳೆಯಬೇಕು. ಅವರಲ್ಲಿ ಒಬ್ಬಳಿಗೆ ಊರಿನಲ್ಲಿ ತಂದೆ ತೀರಿಕೊಂಡಾಗ ಹೋಗಲು ಟಿಕೆಟ್ಟು ಸಿಗದೆ, ಆ ರಾತ್ರಿಯಿಡೀ ನಾಲ್ವರೂ ಎಚ್ಚರವಿದ್ದು ಈ ಆಟವನ್ನೇ ಆಡಿದ್ದರಂತೆ. ಮಾತಾಡಲು ಯಾರಿಗೂ ಏನೂ ತೋಚದ ರಾತ್ರಿ. ಸರದಿ ಬಂದಾಗ ರಿಮೋಟು ಎತ್ತುವುದು, ಅಲ್ಲಾಡಿಸುವುದು, ಪಕ್ಕದವಳಿಗೆ ದಾಟಿಸುವುದು. ಬೆಳಗಾಗುವವರೆಗೆ ಎಷ್ಟು ಅಧ್ಯಕ್ಷರಾದರೋ ಲೆಕ್ಕವಿಲ್ಲ. ಇದನ್ನೆಲ್ಲ ಮಗಳು ನನಗೆ ಫೋನಿನಲ್ಲಿ ಎಂದೂ ಹೇಳಿರಲಿಲ್ಲ. ಭಾನುವಾರ ಭಾನುವಾರ ಮಾತಾಡುತ್ತಿದ್ದೆವು. ಊಟ ಆಯಿತಾ, ಚಳಿ ಹೇಗಿದೆ, ಎಷ್ಟು ಮಾರ್ಕ್ಸು ಬಂತು ಎಂದು ನಾನು ಕೇಳುತ್ತಿದ್ದೆ.

“ತಾತ, ನಿಮ್ಮ ಸರದಿ” ಎಂದ ಮೊಮ್ಮಗ.

ಚುನಾವಣೆ ಮುಂದುವರಿಯಿತು. ಗೆದ್ದವನು ಬಂದಿದ್ದ ಹುಡುಗ. ಅವನ ಮರಿ ಅಧ್ಯಕ್ಷನಾದಾಗ ಇಬ್ಬರು ಗಂಡುಹುಡುಗರೂ ಸೋಫಾದ ಮೇಲೆ ಹತ್ತಿ ಕುಣಿದರು. ಅವನ ತಾಯಿ ಮೊದಲ ಸಲ ಗದರಿದರು, ಗದರುತ್ತ ನಕ್ಕರು. ಮೊಮ್ಮಗಳು ಮೂರನೆಯವಳು, ನಾನು ಕಡೆಯವನು. ಪಾತ್ರೆ ನನಗೇ ಬಂತು. ಅಮೆರಿಕದಲ್ಲಿ ಪಾತ್ರೆ ತೊಳೆಯಲು ಯಂತ್ರವಿದೆಯಲ್ಲ ಎನ್ನಬೇಡಿ. ಬಿಸಿಬೇಳೆಬಾತಿನ ತಳ ಹಿಡಿದ ಪಾತ್ರೆಗೆ ಯಾವ ಯಂತ್ರವೂ ಆಗುವುದಿಲ್ಲ.

ಹೊರಡುವಾಗ ಆ ಹುಡುಗ ಮುಂದಿನ ಶನಿವಾರವೂ ಬರುತ್ತೇನೆಂದು ತಾನಾಗಿಯೇ ಹೇಳಿದ. ಬಂದ ಕೂಡ. ನಾನು ಊರಿಗೆ ಹೊರಡುವವರೆಗೆ ನಾಲ್ಕು ಶನಿವಾರ ಆಡಿದೆವು. ಮಾರ್ಚಿನಲ್ಲಿ ಯಂತ್ರ ಕೈಕೊಟ್ಟಿತಂತೆ, ಈಗ ಚೌಕಾಬಾರಕ್ಕೆ ಬಂದಿದ್ದಾರಂತೆ. ಹುಣಿಸೆ ಬೀಜ ಕಳಿಸಿ ಎಂದು ಸಂದೇಶ ಬಂದಿದೆ.

ಇನ್ನೊಂದು ಮಾತು ಉಳಿಯಿತು. ಆ ಭಾನುವಾರ ಬೆಳಿಗ್ಗೆ ಮೊಮ್ಮಗಳು ಈಜು ಕಲಿಯಲು ಹೊರಟವಳು ಬಾಗಿಲ ಬಳಿ ನಿಂತು ಯೋಚಿಸಿದಳು. ಬೂಟು ಹಾಕಿಕೊಂಡೇ ಒಳಗೆ ಬಂದು ತನ್ನ ಮೊಟ್ಟೆಯನ್ನು ನನ್ನ ಅಂಗೈಯಲ್ಲಿಟ್ಟಳು.

“ಎರಡು ಗಂಟೆ ಅಷ್ಟೆ ತಾತ. ಒಂಬತ್ತು ವರ್ಷ ಆಗಿದೆ ಇದಕ್ಕೆ. ನನ್ನಷ್ಟೇ.”

ಕಾರು ಹೋಯಿತು. ಕನ್ನಡಕ ಹುಡುಕಿಕೊಂಡು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತೆ. ಪೇಪರು ಓದಲಿಲ್ಲ, ಟೀವಿ ಹಾಕಲಿಲ್ಲ. ಹತ್ತೂವರೆಗೆ ಒಂದು ಸಲ ಪೀಂ ಎಂದಿತು, ಊಟ ಹಾಕಿದೆ. ಹನ್ನೊಂದು ಕಾಲಕ್ಕೆ ಹೊಲಸು ಮಾಡಿತು, ತೊಳೆದೆ. ಹನ್ನೊಂದೂವರೆಗೆ ಕಾರಣವಿಲ್ಲದೆ ಕೂಗಿತು. ಗದರಿಸಬೇಕೆಂಬ ನಿಯಮ ನನಗೆ ಗೊತ್ತು. ಗದರಿಸಲಿಲ್ಲ.